ಎರಡು ಪೀಠ, ಒಂದೇ ಜಿಲ್ಲೆ

ಶಿವಮೊಗ್ಗದ ಗಾಂಧಿಬಜಾರಿನಲ್ಲಾಗಲಿ, ಭದ್ರಾವತಿಯ ಹೋಟೆಲಿನಲ್ಲಾಗಲಿ ರಾಜಕೀಯದ ಮಾತೆದ್ದರೆ ಈ ನೆಲ ಕೊಟ್ಟ ಮುಖ್ಯಮಂತ್ರಿಗಳ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ: ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ. ಆದರೆ 2013ರ ಮೇ ಕೊನೆಯಿಂದ 2016ರ ಜೂನ್‌ವರೆಗೆ ವಿಧಾನಸೌಧದ ಎರಡೂ ಸದನಗಳ ಪೀಠದಲ್ಲಿ ನಮ್ಮ ಜಿಲ್ಲೆಯವರೇ ಕೂತಿದ್ದರು ಎಂಬುದನ್ನು ನೆನೆಯುವವರು ಕಡಿಮೆ. ವಿಧಾನಸಭೆಯಲ್ಲಿ ಕಾಂಗ್ರೆಸ್ಸಿನ ಕಾಗೋಡು ತಿಮ್ಮಪ್ಪ, ವಿಧಾನ ಪರಿಷತ್ತಿನಲ್ಲಿ ಬಿಜೆಪಿಯ ಡಿ.ಎಚ್. ಶಂಕರಮೂರ್ತಿ.

ಇಬ್ಬರೂ ಬಂದ ದಾರಿ ಬೇರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಗಣಪತಿಯಪ್ಪನವರು ಮುಂದೆ ನಿಂತ ಆ ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಊರಿನ ತಿಮ್ಮಪ್ಪ 1972ರಲ್ಲಿ ಸಮಾಜವಾದಿ ಪಕ್ಷದಿಂದ ಶಾಸಕರಾದರು. ಮುಂದೆ ಕಾಂಗ್ರೆಸ್ ಸೇರಿದರೂ ಭೂಮಿಯ ಪ್ರಶ್ನೆಯನ್ನು ಬಿಡಲಿಲ್ಲ. ಸ್ಪೀಕರ್ ಆದಾಗ ತಮ್ಮದೇ ಪಕ್ಷದ ಸಚಿವರನ್ನೂ ಗದರಿದರು. ಪೀಠದಿಂದಿಳಿದು ಕಂದಾಯ ಸಚಿವರಾದ ಮೇಲೆ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತನ್ನು ಕಾನೂನಾಗಿಸಲು ದುಡಿದರು.

ಶಂಕರಮೂರ್ತಿ ಶಿವಮೊಗ್ಗ ನಗರದವರು, ಆರೆಸ್ಸೆಸ್ಸಿನ ಶಿಸ್ತಿನಲ್ಲಿ ಬೆಳೆದವರು. ನೈರುತ್ಯ ಪದವೀಧರ ಕ್ಷೇತ್ರದಿಂದ 1988ರಲ್ಲಿ ಪರಿಷತ್ತಿಗೆ ಹೋದವರು ಮೂವತ್ತು ವರ್ಷ ಅಲ್ಲೇ ಉಳಿದರು. ಶಿವಮೊಗ್ಗದ ಮೇಷ್ಟ್ರುಗಳು, ವಕೀಲರು, ಭದ್ರಾವತಿಯ ಪದವೀಧರ ನೌಕರರು ಕರಾವಳಿಯವರೊಡನೆ ಸೇರಿ ಅವರನ್ನು ಮತ್ತೆ ಮತ್ತೆ ಆರಿಸಿದರು. 2010ರಲ್ಲಿ ಸಭಾಪತಿಯಾದರು. ಸರ್ಕಾರ ಬದಲಾಯಿತು, ಅವರು ಬದಲಾಗಲಿಲ್ಲ. 2017ರ ಜೂನ್‌ನಲ್ಲಿ ಆಳುವ ಕಾಂಗ್ರೆಸ್ ಅವರನ್ನು ಇಳಿಸಲು ನಿರ್ಣಯ ತಂದಿತು. ಜೆಡಿಎಸ್ ಅವರ ಬೆನ್ನಿಗೆ ನಿಂತಿತು. ನಿರ್ಣಯದ ಪರವಾಗಿ 36, ವಿರುದ್ಧವಾಗಿ 37. ಒಂದೇ ಮತದಲ್ಲಿ ಪೀಠ ಉಳಿಯಿತು.

ಹೀಗೆ ಎದುರುಬದುರು ನಿಂತ ಎರಡು ವಿಚಾರಧಾರೆಗಳು ಒಂದೇ ಜಿಲ್ಲೆಯಲ್ಲಿ ಬೆಳೆದು, ಮೂರು ವರ್ಷ ಎರಡು ಸದನಗಳನ್ನು ನಡೆಸಿದವು.

ಕೂಗಾಟದಲ್ಲೇ ಕಲಾಪ ಮುಗಿಯುವ ಈ ದಿನಗಳಲ್ಲಿ ಆ ಮೂರು ವರ್ಷಗಳನ್ನು ನಾವು ನಮ್ಮ ಮಕ್ಕಳಿಗೆ ಹೇಳಬೇಕು. ಪೀಠವೂ ಒಂದು ಕೊಳಗವೇ. ಆಳುವವರ ಮಾತಿಗೂ ಎದುರಾಳಿಯ ಮಾತಿಗೂ ಅದರ ಅಳತೆ ಒಂದೇ ಇರಬೇಕು. ಕೊಳಗ ನ್ಯಾಯವಾಗಿರಲಿ ಎಂದು ಜೈಲಿಗೆ ಹೋದವರ ಜಿಲ್ಲೆಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.