ಕಣ್ಣು ಬಿಡುವ ಮೊದಲೇ ಮರಿಗೆ ಹುಳು

ಸಕಲೇಶಪುರ, ಆಲೂರಿನ ಕಡೆ ನಾಯಿ ಸಾಕದ ತೋಟದ ಮನೆ ಅಪರೂಪ. ಕಣದಲ್ಲಿ ಒಣಗುವ ಕಾಫಿ ಕಾಯಲು, ಹಂದಿ ಓಡಿಸಲು ನಾಯಿ ಬೇಕೇ ಬೇಕು. ಆದರೆ ಅದು ಹಾಕಿದ ಮರಿಗಳು ಹೊಟ್ಟೆ ಉಬ್ಬಿ, ಮೈ ಬಡಕಲಾಗಿ, ಒಂದೊಂದಾಗಿ ಸಾಯುವುದುಂಟು. ಹಾಲು ಸಾಲಲಿಲ್ಲ, ಥಂಡಿ ಹಿಡಿಯಿತು ಎಂದು ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಕರುಳಿನ ಹುಳು.

ಇವುಗಳಲ್ಲಿ ದುಂಡುಹುಳುವಿನದು ವಿಚಿತ್ರ ಬದುಕು. ಟಾಕ್ಸೊಕಾರಾ ಕೇನಿಸ್ ಎಂಬ ಈ ಹುಳುವಿನ ಮರಿಗಳು ದೊಡ್ಡ ನಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಅಡಗಿರುತ್ತವೆ. ಹೆಣ್ಣುನಾಯಿ ಗಬ್ಬವಾಗಿ ಆರು ವಾರ ಕಳೆಯುತ್ತಿದ್ದಂತೆ ಎಚ್ಚೆತ್ತು, ಮಾಸಿನ ಮೂಲಕ ಗರ್ಭದ ಮರಿಗಳಿಗೆ ದಾಟುತ್ತವೆ. ತಾಯಿಯ ಹಾಲಿನಲ್ಲೂ ಬರುತ್ತವೆ. ಹಾಗಾಗಿ ಎಷ್ಟು ಚೊಕ್ಕಟ ಜಾಗದಲ್ಲಿ ಹುಟ್ಟಿದರೂ ಮರಿಗೆ ಹುಳು ತಪ್ಪಿದ್ದಲ್ಲ. ಮೂರು ವಾರ ತುಂಬುವ ಹೊತ್ತಿಗೆ ಅದರ ಕರುಳಿನಲ್ಲಿ ಬೆಳೆದ ಹುಳು ಮೊಟ್ಟೆಯಿಡಲು ಶುರುಮಾಡಿರುತ್ತದೆ.

ಕೊಕ್ಕೆಹುಳು ಇನ್ನೂ ಕ್ರೂರಿ. ಕರುಳಿನ ಗೋಡೆಗೆ ಹಲ್ಲು ಕಚ್ಚಿ ರಕ್ತ ಹೀರುತ್ತದೆ. ಒಸಡು ಬಿಳಿಚಿಕೊಳ್ಳುವುದು, ಮಲ ಡಾಂಬರಿನಂತೆ ಕಪ್ಪಾಗುವುದು ಇದರ ಗುರುತು. ಹಾಲಿನ ಮೂಲಕ ಸೋಂಕು ತಗುಲಿದ ಮರಿ, ಮಲದಲ್ಲಿ ಮೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಸಾಯಬಹುದು.

ಮಲೆನಾಡಿನ ನೆಲ ಕೊಕ್ಕೆಹುಳುವಿಗೆ ಹೇಳಿ ಮಾಡಿಸಿದ್ದು. ಇದರ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ವಾರದೊಳಗೆ ಮರಿಹುಳು ಚರ್ಮ ಕೊರೆಯುವಷ್ಟು ಬೆಳೆದಿರುತ್ತದೆ. ಬಿಸಿಲು ಬಿದ್ದು ನೆಲ ಒಣಗಿದರೆ ಸಾಯುತ್ತದೆ. ಆದರೆ ಕಾಫಿ ತೋಟದ ಮರಗಳ ನೆರಳಲ್ಲಿ, ತರಗೆಲೆಯಡಿಯ ಒದ್ದೆ ಮಣ್ಣಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೆಲ್ಲಿ? ಕೊಕ್ಕೆಹುಳು ಚರ್ಮದ ಮೂಲಕ ಒಳಹೋಗುತ್ತದೆಂದು ಜಗತ್ತಿಗೆ ತಿಳಿದದ್ದು 19ನೇ ಶತಮಾನದ ಕೊನೆಯಲ್ಲಿ. ಕೈರೋದಲ್ಲಿದ್ದ ವಿಜ್ಞಾನಿ ಆರ್ಥರ್ ಲೂಸ್ ಅವರ ಕೈಮೇಲೆ ಮರಿಹುಳುಗಳಿದ್ದ ನೀರು ಚೆಲ್ಲಿ, ಚರ್ಮ ಕೆಂಪಾಗಿ ತುರಿಸಿತು. ಮುಂದೆ ಅವರ ಮಲದಲ್ಲೇ ಮೊಟ್ಟೆ ಕಂಡವು.

ಲಾಡಿಹುಳು ಬರುವ ದಾರಿ ಬೇರೆ. ಮೈಮೇಲಿನ ಚಿಗಟವನ್ನು ನಾಯಿ ಕಚ್ಚಿ ನುಂಗಿದಾಗ ಒಂದು ಬಗೆಯ ಲಾಡಿಹುಳು ಒಳಸೇರುತ್ತದೆ. ಬಾಲದಡಿ ಅಕ್ಕಿಕಾಳಿನಂಥ ತುಣುಕು ಕಂಡರೆ ಇದೇ. ಚಿಗಟ ಹೋಗದೆ ಈ ಹುಳು ಹೋಗದು. ಕುರಿ, ದನದ ಶ್ವಾಸಕೋಶ, ಈಲಿಯನ್ನು ಹಸಿಯಾಗಿ ತಿನ್ನುವ ನಾಯಿಗೆ ಇನ್ನೊಂದು ಪುಟ್ಟ ಲಾಡಿಹುಳು ಬರಬಹುದು. ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಈಲಿಯಲ್ಲಿ ನೀರುಗಂಟು ಬೆಳೆಯುತ್ತದೆ.

ನಾಯಿಯ ಹುಳು ಮನೆಯವರ ಕಾಯಿಲೆಯೂ ಹೌದು. ಮಣ್ಣಾಡಿದ ಕೈಯಿಂದ ದುಂಡುಹುಳುವಿನ ಮೊಟ್ಟೆ ಮಗುವಿನ ಬಾಯಿ ಸೇರಿದರೆ, ಮರಿಹುಳು ಈಲಿ, ಶ್ವಾಸಕೋಶಗಳಲ್ಲಿ ಅಲೆಯುತ್ತದೆ. ಕಣ್ಣಿಗೆ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಬರಿಗಾಲಲ್ಲಿ ಕೆಲಸ ಮಾಡುವವರ ಪಾದದಲ್ಲಿ ಕೊಕ್ಕೆಹುಳು ಹಾವು ಹರಿದಂತೆ ಕೆಂಪು ಗೆರೆ ಎಬ್ಬಿಸುತ್ತದೆ.

ಆದ್ದರಿಂದ ಮರಿ ದೊಡ್ಡದಾಗಲಿ ಎಂದು ಕಾಯಬಾರದು. ಎರಡು ವಾರಕ್ಕೆ ಮೊದಲ ಔಷಧಿ, ಆಮೇಲೆ ಎಂಟು ವಾರದವರೆಗೆ ಎರಡೆರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಕೊಡಬೇಕು. ಮರಿಗಳ ಜೊತೆಗೇ ತಾಯಿಗೂ ಕೊಡಬೇಕು. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳುಗಳನ್ನು ಹೊರದೂಡುತ್ತದೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಮಾಂಸಖಂಡದಲ್ಲಿ ಅಡಗಿದ ಮರಿಹುಳುವನ್ನು ಸಾಮಾನ್ಯ ಮಾತ್ರೆ ಮುಟ್ಟದು. ಔಷಧಿಯನ್ನು ಮತ್ತೆ ಮತ್ತೆ ಕೊಡಬೇಕಾದ್ದು ಅದಕ್ಕೇ.

ಪ್ರಮಾಣ ತೂಕದ ಲೆಕ್ಕದಲ್ಲಿರುವುದರಿಂದ ಮರಿಯನ್ನು ತೂಗಿಸಿ, ಪಶುವೈದ್ಯರನ್ನು ಕೇಳಿಯೇ ಕೊಡಿ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಅಂದಾಜಿನಲ್ಲಿ ತಿನ್ನಿಸಬೇಡಿ. ಹೆಚ್ಚಾದರೆ ನಾಯಿಯ ಮೂಳೆಮಜ್ಜೆ ಕೆಡುತ್ತದೆ. ಬೆಳ್ಳುಳ್ಳಿಯೂ ಬೇಡ, ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.

ದುಂಡುಹುಳುವಿನ ಮೊಟ್ಟೆ ರೋಗ ಹರಡುವಂತಾಗಲು ಸಾಮಾನ್ಯವಾಗಿ ಎರಡು ವಾರ ಬೇಕು. ಆಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ನಾಯಿಯ ಹೊಸ ಮಲವನ್ನು ದಿನವೂ ಎತ್ತಿ ಆಳದ ಗುಂಡಿಗೆ ಹಾಕಿ ಮುಚ್ಚಿದರೆ ಅರ್ಧ ಯುದ್ಧ ಗೆದ್ದಂತೆ. ಮರಿಗಳನ್ನು ಬಿಸಿಲು ಬೀಳುವ ಒಣ ಜಾಗದಲ್ಲಿ ಮಲಗಿಸಿ. ತೋಟದ ಕೆಲಸಗಾರರ ಲೈನ್ ಮನೆಯ ನಾಯಿಗಳಿಗೂ ಅದೇ ದಿನ ಔಷಧಿ ಹಾಕಿಸಿ, ಏಕೆಂದರೆ ಎಲ್ಲವೂ ತುಳಿಯುವುದು ಒಂದೇ ಮಣ್ಣನ್ನು. ನಿಮ್ಮ ನಾಯಿ ಮರಿ ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಹದಿನೈದನೇ ದಿನಕ್ಕೆ ಗುರುತು ಹಾಕಿಡಿ.