ಫೋನಿನ ತಂತಿಗೆ ವೇಗದ ಕಡಿವಾಣ ಹಾಕಿದ್ದು ಯಾರು?

ಭಾರತದಲ್ಲಿ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಾಗ ಅದು ಮನೆಯೊಳಕ್ಕೆ ಬಂದದ್ದು ಟೆಲಿಫೋನ್ ತಂತಿಯ ಮೇಲೆಯೇ. ಮೋಡೆಮ್ ಕೀಚಲು ದನಿಯಲ್ಲಿ ಕಿರುಚಿಕೊಳ್ಳುತ್ತಿದ್ದುದು ಹಲವರಿಗೆ ನೆನಪಿರಬಹುದು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಅದು ಸದ್ದಾಗಿ ಮಾರ್ಪಡಿಸಲೇಬೇಕಿತ್ತು. ಫೋನಿನ ವ್ಯವಸ್ಥೆಗೆ ಗೊತ್ತಿದ್ದುದು ಸದ್ದೊಂದೇ. ಅದರಲ್ಲೂ 300ರಿಂದ 3,400 ಹರ್ಟ್ಜ್ ತನಕದ್ದು ಮಾತ್ರ. ಮಾತು ತಿಳಿದರೆ ಸಾಕು ಎಂದು ಮಿಕ್ಕದ್ದನ್ನೆಲ್ಲ ಎಕ್ಸ್‌ಚೇಂಜಿನ ಫಿಲ್ಟರ್ ಕತ್ತರಿಸಿಬಿಡುತ್ತಿತ್ತು.

ಇಷ್ಟು ಕಿರಿದಾದ ಪಟ್ಟಿಯಲ್ಲಿ ಎಷ್ಟು ಮಾಹಿತಿ ಹಿಡಿಸೀತು? 1948ರಲ್ಲೇ ಬೆಲ್ ಲ್ಯಾಬ್ಸ್‌ನ ಕ್ಲಾಡ್ ಶಾನನ್ ಇದಕ್ಕೆ ಸೂತ್ರ ಕೊಟ್ಟಿದ್ದರು. ಪಟ್ಟಿಯ ಅಗಲ, ಜೊತೆಗೆ ಗದ್ದಲಕ್ಕೆ ಹೋಲಿಸಿದರೆ ಸಂಕೇತದ ಬಲ, ಇವೆರಡೇ ಮಿತಿಯನ್ನು ನಿರ್ಧರಿಸುತ್ತವೆ. ಸಂತೆಯ ನಡುವೆ ಗುಟ್ಟು ಹೇಳಹೊರಟವನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಬೇಕಾದಂತೆ. ಗದ್ದಲಕ್ಕಿಂತ ಸಂಕೇತ ಮೂರು ಸಾವಿರ ಪಟ್ಟು ಬಲವಾಗಿರುವ ಒಳ್ಳೆಯ ಲೈನಿಗೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 36,000 ಬಿಟ್ ಸಿಗುತ್ತದೆ. ಮೋಡೆಮ್‌ಗಳು 33,600ಕ್ಕೆ ಬಂದು ನಿಂತದ್ದು ಸುಮ್ಮನೆ ಅಲ್ಲ.

ಆದರೆ 1998ರ ಹೊತ್ತಿಗೆ ಅಂಗಡಿಗಳಲ್ಲಿ 56 ಕೆ ಮೋಡೆಮ್! ಶಾನನ್ ಸೋತರೇ? ಇಲ್ಲ. ಎಕ್ಸ್‌ಚೇಂಜು ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಿಗೆ ಹೊಂದಿಸಿ ಬರೆದುಕೊಳ್ಳುತ್ತದೆ. ಹಾಗೆ ಹೊಂದಿಸುವಾಗ ಉಳಿಯುವ ಚೂರುಪಾರು ವ್ಯತ್ಯಾಸವೇ ಗದ್ದಲದ ದೊಡ್ಡ ಪಾಲು. ಇಂಟರ್ನೆಟ್ ಕಂಪನಿ ನೇರವಾಗಿ ಡಿಜಿಟಲ್ ಲೈನಿನಿಂದಲೇ ಎಕ್ಸ್‌ಚೇಂಜಿಗೆ ಸೇರಿಕೊಂಡರೆ, ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ಆ ಗದ್ದಲ ಹುಟ್ಟುವುದೇ ಇಲ್ಲ. ಮನೆಯಿಂದ ಹೋಗುವಾಗ ಹುಟ್ಟುತ್ತದೆ. ಹಾಗಾಗಿ ಅತ್ತ ಕಡೆಗೆ ಹಳೆಯ 33,600ರ ಮಿತಿಯೇ ಉಳಿಯಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಜಾಣ ಉಪಾಯ ಇದು.

ಅಂದರೆ ತಡೆದು ನಿಲ್ಲಿಸಿದ್ದು ತಾಮ್ರವಲ್ಲ, ಎಕ್ಸ್‌ಚೇಂಜು. ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಮಾಡಿದ್ದು ಇಷ್ಟೇ: ಮಾತನ್ನು ಹಳೆಯ ದಾರಿಗೇ ಬಿಟ್ಟು, ಫಿಲ್ಟರ್‌ಗೆ ಸಿಗುವ ಮೊದಲೇ ಡೇಟಾವನ್ನು ಬೇರೆ ಯಂತ್ರಕ್ಕೆ ತಿರುಗಿಸಿತು. ಅದೇ ತಂತಿ ಈಗ 11 ಲಕ್ಷ ಹರ್ಟ್ಜ್ ತನಕ ದುಡಿದು, ಸೆಕೆಂಡಿಗೆ 8 ಮೆಗಾಬಿಟ್‌ವರೆಗೆ ತರಬಲ್ಲದಾಯಿತು.

ಆಗ ತಾಮ್ರದ ನಿಜವಾದ ದೌರ್ಬಲ್ಯ ಹೊರಬಿತ್ತು. ಕಂಪನಾಂಕ ಹೆಚ್ಚಿದಷ್ಟೂ ಸಂಕೇತ ಬೇಗ ಸೊರಗುತ್ತದೆ, ಒಂದೇ ಕೇಬಲ್ಲಿನ ಅಕ್ಕಪಕ್ಕದ ತಂತಿಜೋಡಿಗಳ ಸಂಕೇತ ಒಂದರಿಂದೊಂದಕ್ಕೆ ಸೋರುತ್ತದೆ. ಎಕ್ಸ್‌ಚೇಂಜಿನ ಮಗ್ಗುಲ ಮನೆಗೂ ನಾಲ್ಕೈದು ಕಿಲೋಮೀಟರ್ ಆಚೆಯ ಮನೆಗೂ ಒಂದೇ ವೇಗ ಸಿಗದಿರುವುದು ಇದರಿಂದಲೇ. ಮುಂದೆ ಬಂದ ಜಿ.ಫಾಸ್ಟ್ ತಂತ್ರಜ್ಞಾನ ತಾಮ್ರದ ಮೇಲೂ ಗಿಗಾಬಿಟ್‌ನ ಆಸುಪಾಸಿಗೆ ಮುಟ್ಟಿತು, ಆದರೆ ನೂರು ಮೀಟರ್ ಒಳಗೆ ಮಾತ್ರ. ಅಷ್ಟು ಹತ್ತಿರದವರೆಗೆ ಫೈಬರ್ ಎಳೆದ ಮೇಲೆ, ಮನೆಯೊಳಗೂ ಅದನ್ನೇ ತರುವುದು ಲೇಸು.