ಇಸುಬಿಗೆ ಮುಲಾಮು ಹಚ್ಚಿದರೆ ದಮ್ಮು ಬರುತ್ತದೆಯೇ?

"ಮುಲಾಮ್ ಹಚ್ಚಬ್ಯಾಡ, ರೋಗ ಒಳಗ ಹೋಗಿ ದಮ್ಮ ಆಗ್ತದ." ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಕೆರೆದುಕೊಳ್ಳುವ ಕೂಸನ್ನು ಕಂಡರೆ ಕಲಬುರಗಿ ಕಡೆಯ ಹಿರಿಯರು ಹೇಳುವ ಮಾತಿದು. ಎಳವೆಯಲ್ಲಿ ಇಸುಬು, ಅಂದರೆ ಎಕ್ಸಿಮಾ, ಆದ ಕೆಲವು ಮಕ್ಕಳಿಗೆ ಮುಂದೆ ಅಸ್ತಮಾ ಬರುವುದು ನಿಜ. ಆದರೆ ಅದಕ್ಕೆ ಮುಲಾಮು ಕಾರಣವಲ್ಲ. ಹುಟ್ಟಿನಿಂದಲೇ ಇರುವ ಅಲರ್ಜಿಯ ಗುಣ ಮೊದಲು ಚರ್ಮದಲ್ಲಿ, ಆಮೇಲೆ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಮುಲಾಮು ಮುಟ್ಟದ ಮಕ್ಕಳಿಗೂ ಹಾಗೇ ಆಗುತ್ತದೆ. ಹೆದರಿ ಔಷಧಿ ಬಿಟ್ಟರೆ ಮಗು ರಾತ್ರಿಯೆಲ್ಲ ಕೆರೆದು, ಚರ್ಮ ಒಡೆದು, ಕೀವಾಗುತ್ತದೆ.

ಹೆದರಬೇಕಾದ ಮುಲಾಮು ಬೇರೆಯೇ ಇದೆ. ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ, ತೀವ್ರ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬು ಅದು. ಎಷ್ಟೋ ಸಲ ಇಸುಬು ಅಂದುಕೊಂಡದ್ದು ಹುಳಕಡ್ಡಿಯಾಗಿರುತ್ತದೆ. ಸ್ಟೀರಾಯ್ಡ್ ಬಿದ್ದೊಡನೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಹುಳಕಡ್ಡಿ ಮಾತ್ರ ಸದ್ದಿಲ್ಲದೆ ತೊಡೆಯಿಂದ ಸೊಂಟಕ್ಕೆ ಹಬ್ಬುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದೆಂದು ಹೇಳಿದ್ದು ಇದಕ್ಕೇ.

ವೈದ್ಯರು ಬರೆದದ್ದಾದರೆ ಅಳತೆಯೂ ಇದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ; ಅದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೇಳಿದಷ್ಟು ದಿನ ಹಚ್ಚಿ, ಕೆಂಪು ಇಳಿದ ಮೇಲೆ ಅವರು ಹೇಳಿದಂತೆ ಕಡಿಮೆ ಮಾಡಬೇಕು. ಕಣ್ಣಿನ ಸುತ್ತ, ಮುಖಕ್ಕೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಇದೆ. ಇದೆಲ್ಲಕ್ಕೂ ಬುನಾದಿ ತೇವ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಟವೆಲಿನಿಂದ ಒತ್ತಿ ಒರೆಸಿ, ಮೈ ಹಸಿಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ವ್ಯಾಸಲಿನ್ ಬೆವರು ಕಟ್ಟಿಸಿದರೆ ಹಗುರ ಕ್ರೀಮ್ ಆದೀತು, ಹಚ್ಚುವುದನ್ನೇ ಬಿಡಬಾರದು.

ಬೋರ್‌ವೆಲ್ ನೀರಿನಿಂದಲೇ ಎಲ್ಲ ಎಂದು ನೀರು ಮೆದುಗೊಳಿಸುವ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಇಂಗ್ಲೆಂಡಿನಲ್ಲಿ ಇಸುಬಿನ 336 ಮಕ್ಕಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ ಯಂತ್ರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬದನೆಕಾಯಿ, ತತ್ತಿ, ಹಾಲು ಬಿಡಿಸುವುದೂ ಹೀಗೇ. ತಿಂದೊಡನೆ ದದ್ದು ಏಳುವ ಮಕ್ಕಳ ಮಾತು ಬೇರೆ. ಉಳಿದವರಿಗೆ ಪಥ್ಯದಿಂದ ಬೆಳವಣಿಗೆಯಷ್ಟೇ ಕುಂಠಿತ.

ಕಮಲಾಪುರದ ಕೆಂಪು ಬಾಳೆ, ತೊಗರಿ ಹೊಲಗಳಲ್ಲಿ ದುಡಿಯುವವರು ಇನ್ನೊಂದು ಮಾತು ಗಮನಿಸಬೇಕು. ನಡುವಯಸ್ಸಿನಲ್ಲಿ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಕಪ್ಪಾಗಿ ದಪ್ಪಗಟ್ಟಿದರೆ "ರಕ್ತ ಕೆಟ್ಟದ" ಅನ್ನುತ್ತಾರೆ. ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ಬದುವಿನ ಕಾಂಗ್ರೆಸ್ ಕಸದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಒಣಗಿದ ಗಿಡದ ಧೂಳಿನ ಜೊತೆ ಹಾರಿ ಮೈಮೇಲೆ ಕೂತರೆ ಇಂಥದೇ ಇಸುಬಾಗುತ್ತದೆ. ಬೆನ್ನ ಮೇಲೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ತುಂಬುತೋಳಿನ ಅಂಗಿ ತೊಟ್ಟು, ಹೊಲದಿಂದ ಬಂದೊಡನೆ ಮೈ ತೊಳೆಯಬೇಕು. ಹಟಮಾರಿಯಾದರೆ ಅಜಥಯೋಪ್ರಿನ್ ಮಾತ್ರೆ ಕೊಡುತ್ತಾರೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು.

ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಚರ್ಮದ ತೊಂದರೆಗೆಂದು ಬರುವವರು, ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದವನ್ನೂ, ಚೀಲದಲ್ಲಿ ಹಾಕಿಕೊಂಡು ಬನ್ನಿ.